ಹದಿನಾಲ್ಕು ಲೇತ್‌ಗಳ ಗ್ಲೆನಿಸ್

ಬೆಳಗಿನ ಆರೂವರೆ. ಕ್ರೇಡ್ಲಿ ಹೀತ್ ಎಂಬ ಇಂಗ್ಲಿಷ್ ಪಟ್ಟಣದ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಇನ್ನೂ ಚಳಿ ಬಿಟ್ಟಿಲ್ಲ. ಗ್ಲೆನಿಸ್ ಟ್ರಾಂಟರ್ ಕಡುಚಹಾದ ಮಗ್ಗನ್ನು ಕಿಟಕಿಯಲ್ಲಿಟ್ಟು, ಲೋಹ ಕಡೆಯುವ ಹದಿನಾಲ್ಕು ಲೇತ್‌ಗಳಿಗೂ ಒಂದೊಂದಾಗಿ ಎಣ್ಣೆ ಬಿಡುತ್ತಾರೆ. ಐದನೆಯದನ್ನು ಓಡಿಸಿ, ಕಿವಿಗೊಟ್ಟು ನಿಲ್ಲುತ್ತಾರೆ. "ಇವಳ ಬೇರಿಂಗ್ ಸವೆದಿದೆ. ಸದ್ದಲ್ಲೇ ಗೊತ್ತಾಗತ್ತೆ."

ಗ್ಲೆನಿಸ್‌ಗೆ ಈಗ ಅರವತ್ತೆರಡು. ಹದಿನಾರಕ್ಕೇ ಊರಿನ ಸರಪಳಿ ಕಾರ್ಖಾನೆ ಸೇರಿದವರು. ನಾನೂರು ಜನರ ನಡುವೆ ಲೇತ್ ಹಿಡಿದ ಒಬ್ಬಳೇ ಹುಡುಗಿ. "ಮೊದಲ ದಿನ ಕೈಗೆ ಪೊರಕೆ ಕೊಟ್ರು. ವರ್ಷ ತುಂಬೋದ್ರೊಳಗೆ, ಕಷ್ಟದ ಕೆಲಸ ಬಂದ್ರೆ 'ಗ್ಲೆನ್‌ನ ಕರೀರಿ' ಅಂತಿದ್ರು" ಎಂದು ನಗುತ್ತಾರೆ. ಅವರ ಮೂವತ್ತನೇ ವಯಸ್ಸಿನಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲೇ ದುಡಿಯುತ್ತಿದ್ದ ಗಂಡ ಲೆನ್ ಮತ್ತು ಅವರು ಒಂದೇ ಶುಕ್ರವಾರ ಕೆಲಸ ಕಳೆದುಕೊಂಡರು. ಈಗ ಅಲ್ಲಿರುವುದು ಸೋಫಾ ಅಂಗಡಿ. ಎರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದ ಮೇಲೆ ಕಾಲೇಜಿನ ವರ್ಕ್‌ಶಾಪ್ ನೋಡಿಕೊಳ್ಳುವ ಈ ಕೆಲಸ ಸಿಕ್ಕಿತು.

ನಾಲ್ಕು ವರ್ಷದ ಹಿಂದೆ ಇದಕ್ಕೂ ಕುತ್ತು ಬಂತು. ಲೇತ್‌ಗಳನ್ನು ಮಾರಿ, ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಲಿಸುವುದೆಂದು ವಿಭಾಗದ ಮುಖ್ಯಸ್ಥ ಡಾ. ರೂಪರ್ಟ್ ಪೆನ್ನಕ್ ಮಾರಾಟದ ಪಟ್ಟಿ ಸಿದ್ಧಪಡಿಸಿದರು. ಗ್ಲೆನಿಸ್ ಕೂಗಾಡಲಿಲ್ಲ. ಪೆನ್ನಕ್ ಪೂರ್ತಿ ಅಂಕ ಕೊಟ್ಟಿದ್ದ ವಿದ್ಯಾರ್ಥಿಯೊಬ್ಬನ ನಕ್ಷೆಯನ್ನೂ ಒಂದು ಉಕ್ಕಿನ ತುಂಡನ್ನೂ ಅವರ ಮೇಜಿನ ಮೇಲಿಟ್ಟರು. "ಡಾಕ್ಟ್ರೇ, ಇದನ್ನ ಮಾಡಿಕೊಡಿ ನೋಡೋಣ."

ಪೆನ್ನಕ್ ಅರ್ಧ ಗಂಟೆ ಲೇತಿನ ಮುಂದೆ ನಿಂತರು. ನಕ್ಷೆಯಲ್ಲಿದ್ದ ಪಂಪಿನ ಭಾಗದ ಬಾಯಿ ತೀರಾ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಕೊರೆಯಲು ಯಾವ ಉಳಿಯೂ ಹೋಗುವಂತಿರಲಿಲ್ಲ. "ಪಾಪ, ಮುಖ ಕೆಂಪಾಯ್ತು. ಆದ್ರೆ ದೊಡ್ಡ ಮನುಷ್ಯ. ಆ ಪಟ್ಟೀನ ನನ್ನೆದುರೇ ಹರಿದುಹಾಕಿದ್ರು."

ಈಗ ವರ್ಷಕ್ಕೆ ತೊಂಬತ್ತು ವಿದ್ಯಾರ್ಥಿಗಳು ನಕ್ಷೆ ಬರೆಯುವ ಮೊದಲು ಇಲ್ಲಿ ಉಕ್ಕು ಕಡೆಯುತ್ತಾರೆ. ಅವರಲ್ಲಿಬ್ಬರು ಊರಲ್ಲೇ ಸಣ್ಣ ಕಾರ್ಖಾನೆ ತೆರೆದು ಹನ್ನೊಂದು ಜನರಿಗೆ ಕೆಲಸ ಕೊಟ್ಟಿದ್ದಾರೆ. "ನಾನೂರು ಹೋದ ಕಡೆ ಬರೀ ಹನ್ನೊಂದೇನಾ ಅಂತ ಲೆನ್ ಗೊಣಗ್ತಾನೆ. ಅವನಿಗೆ ಟೀ ಕೊಟ್ಟು ಸುಮ್ಮನಾಗಿಸ್ತೀನಿ."

ಮಂಗಳವಾರಗಳಂದು ಪೆನ್ನಕ್ ಸಹ ಏಪ್ರನ್ ಕಟ್ಟಿ ಲೇತ್ ಕಲಿಯಲು ಬರುತ್ತಾರೆ.

"ಮೆಲ್ಲಗೆ ಡಾಕ್ಟ್ರೇ! ಅದು ಉಕ್ಕು, ಬೆಣ್ಣೆಯಲ್ಲ."

"ಇನ್ನೂ ಎಷ್ಟು ವರ್ಷ ಬೈತೀಯಮ್ಮ?"

"ನಿವೃತ್ತಿಗೆ ಇನ್ನೂ ನಾಲ್ಕಿದೆ. ತಡ್ಕೊಳ್ಳಿ."

ಆಮೇಲೆ? ಗ್ಲೆನಿಸ್ ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ. "ನನ್ನ ಜಾಗಕ್ಕೆ ಯಾರನ್ನಾದ್ರೂ ತಗೊಳ್ಳೋವಾಗ ಸರ್ಟಿಫಿಕೇಟ್ ಆಮೇಲೆ ನೋಡ್ಲಿ. ಮೊದಲು ಅಂಗೈ ಜಡ್ಡುಗಟ್ಟಿದೆಯಾ ನೋಡ್ಲಿ. ಅಷ್ಟು ಮಾಡಿದ್ರೆ ಸಾಕು."