ಎಲ್ಲರೂ ನಮ್ಮವರೇ ಎಂದು ತೆರೆದಿಟ್ಟ ಕಂಪ್ಯೂಟರ್

ಹೋದ ವರ್ಷ ಪಂಚಮಿಗೆಂದು ಟಿಕೋಟಾಕ್ಕೆ, ನಮ್ಮ ಮನೆಗೆ ಬಂದ ತಂಗಿ ಶಾಂತಾಳಿಗೆ ಜ್ವರ ಬಿಡಲೇ ಇಲ್ಲ. ವಿಜಯಪುರದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಗಷ್ಟೇ ಆಸ್ಪತ್ರೆ, ರಕ್ತ ತಪಾಸಣೆಯ ಲ್ಯಾಬು, ಸುತ್ತಲಿನ ಊರುಗಳ ಔಷಧಿ ಅಂಗಡಿ ಎಲ್ಲವನ್ನೂ ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿಸಿದ್ದರು. ಹೆಸರು ಹೇಳಿದರೆ ಸಾಕು, ಚೀಟಿ ಹಿಡಿದು ಅಲೆಯುವ ಗೋಳಿಲ್ಲ. ನನಗೂ ಖುಷಿಯಾಗಿತ್ತು.

ತಪಾಸಣೆಗೆ ರಕ್ತ ಕೊಟ್ಟದ್ದಾಯಿತು. "ನಾಳೆ ಬರ್ರಿ, ಕೂತು ಮಾತಾಡೂಣು" ಎಂದರು ಡಾಕ್ಟರು. ಶಾಂತಾ ಪುಟ್ಟ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ತಡೆಯಲಾರದೆ ಸಂಜೆಯೇ ಗಂಡನ ಊರು ಬಬಲೇಶ್ವರದ ಬಸ್ ಹತ್ತಿದಳು.

ಅಲ್ಲಿ ಔಷಧಿ ಅಂಗಡಿ ಅವಳ ಗಂಡನ ಸೋದರಮಾವನದು. ನಮ್ಮವರ ಅಂಗಡಿ ಇರುವಾಗ ಬೇರೆ ಕಡೆ ಹೋದರೆ ಮಂದಿ ಏನಂದಾರು? ಜ್ವರದ ಗುಳಿಗೆಗೆ ಅಲ್ಲಿಯೇ ಹೋದಳು. ಮಾವ ಕಂಪ್ಯೂಟರಿನಲ್ಲಿ ಅವಳ ಹೆಸರು ಹಾಕಿ ನೋಡಿದರು, ಮುಖ ಕಪ್ಪಾಯಿತು. ಯಾವಾಗಲೂ ಕೈಗೆ ಕೊಡುತ್ತಿದ್ದವರು ಗುಳಿಗೆಯನ್ನು ಗಾಜಿನ ಮೇಲಿಟ್ಟು ದೂಡಿದರು.

ಅವಳು ಮನೆ ಮುಟ್ಟುವ ಮೊದಲೇ ಫೋನ್ ಹೋಗಿತ್ತು. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಒಳಗ ಬರಬ್ಯಾಡ. ಕೂಸಿನ್ನ ಮುಟ್ಟಬ್ಯಾಡ. ಎಚ್‌ಐವಿ ಹತ್ತೇತಂತ ನಿನಗ."

"ಯಾರಂದ್ರು ಅತ್ತಿ?"

"ನನ್ನ ತಮ್ಮ ಕಂಪ್ಯೂಟರ್‌ದಾಗ ನೋಡ್ಯಾನ."

ತನ್ನ ರೋಗದ ಸುದ್ದಿ ನನ್ನ ತಂಗಿಗೆ ಗೊತ್ತಾದದ್ದು ಹೀಗೆ, ಹೊಸ್ತಿಲ ಹೊರಗೆ. ಗಂಡ ಒಳಗಿನಿಂದ ಹೊರಗೆ ಬರಲೇ ಇಲ್ಲ. ಆ ಮಹಾಶಯ ಇಂದಿಗೂ ತನ್ನ ರಕ್ತ ತಪಾಸಣೆ ಮಾಡಿಸಿಲ್ಲ.

ಅವಳು ರಾತ್ರಿಯೇ ನಮ್ಮ ಮನೆಗೆ ಮರಳಿ ಬಂದಳು. ಮರುದಿನ ಡಾಕ್ಟರು ಅವಳನ್ನು ಕೂರಿಸಿಕೊಂಡು, ದಿನಾ ಗುಳಿಗೆ ತಗೊಂಡರೆ ಎಲ್ಲರಂತೆ ಬಾಳಬಹುದು, ಮುಟ್ಟಿದರೆ ಹರಡುವ ರೋಗ ಇದಲ್ಲ ಎಂದು ತಿಳಿಹೇಳಿದರು. ನಾನು ಮಾತ್ರ ಸಿಟ್ಟು ತಡೆಯಲಾರದೆ ಕಂಪ್ಯೂಟರ್ ನೋಡಿಕೊಳ್ಳುವವನ ಎದುರು ಹೋಗಿ ನಿಂತೆ.

"ಅಂಗಡಿಯವರಿಗೆ ಬರೇ ಔಷಧಿ ಚೀಟಿ ಕಾಣಬೇಕಿತ್ರಿ ಅಕ್ಕಾರ" ಎಂದ ಅವನು. "ಯಾರು ಏನು ನೋಡಬೇಕು ಅಂತ ಮೀಟಿಂಗ್‌ನ್ಯಾಗ ಕೇಳಿದ್ನಿ. ಎಲ್ಲಾರೂ ನಮ್ಮವರ ಅದಾರ, ಪೂರ್ತಿ ತೆರೀರಿ ಅಂದ್ರು ಆಸ್ಪತ್ರಿ ದೊಡ್ಡವರು."

"ನಮ್ಮವರಿಗೇ ಗೊತ್ತಾಗಬಾರದಿತ್ತಪ್ಪಾ" ಎಂದೆ.

ಅವನು ನನ್ನೆದುರಿಗೇ ಅಂಗಡಿಗಳಿಗೆ ರಿಪೋರ್ಟು ಕಾಣದಂತೆ ಮಾಡಿದ. ಕಣ್ಣು ಮಿಟುಕಿಸುವಷ್ಟರ ಕೆಲಸ. ಅದನ್ನು ಮೊದಲೇ ಮಾಡಲು ಯಾರಿಗೂ ಬಿಡುವಿರಲಿಲ್ಲ.

ಶಾಂತಾ ಈಗ ನಮ್ಮ ಮನೆಯಲ್ಲಿದ್ದಾಳೆ, ಗಟ್ಟಿಯಾಗಿದ್ದಾಳೆ. ಹಟ ಹಿಡಿದು ಕೇಳಿದ್ದಕ್ಕೆ ಮಗಳನ್ನು ರಜೆಗೆ ಕಳಿಸುತ್ತಾರೆ. ಕೂಸು "ಅವ್ವಾ" ಎಂದು ಓಡಿ ಬರುತ್ತದೆ. ಡಾಕ್ಟರು ಅಷ್ಟು ಹೇಳಿದ್ದರೂ ಶಾಂತಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ.