ಪಟ್ಟಿಯ ಮೊದಲ ಹೆಸರು

ಡ್ರಗ್ಸ್ ಚಟಕ್ಕೆ ಬಿದ್ದು ತಪ್ಪು ಮಾಡಿದವರನ್ನು ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಕಳಿಸುವ ಕೋರ್ಟೊಂದು ಆಕ್ಲೆಂಡಿನಲ್ಲಿದೆ. ಯಾರು ಎಷ್ಟು ದಿನದಿಂದ ಡ್ರಗ್ಸ್ ಮುಟ್ಟಿಲ್ಲ ಅಂತ ಜಡ್ಜ್ ಓದಿ ಹೇಳಿದರೆ ಇಡೀ ಕೋರ್ಟು ಚಪ್ಪಾಳೆ ತಟ್ಟುತ್ತದೆ. ಆ ದಿನಗಳನ್ನು ಎಣಿಸುವ ಸಾಫ್ಟ್‌ವೇರ್ ಬರೆದವನು ನಾನು. ತೋರಿಸಿ ಬರೋಣ ಅಂತ ವೆಲ್ಲಿಂಗ್ಟನ್ನಿನಿಂದ ಹೋಗಿದ್ದೆ.

ಕೇಸುಗಳನ್ನು ನೋಡಿಕೊಳ್ಳುವ ಅರೋಹಾ ಎಂಬ ಹಿರಿಯ ಹೆಂಗಸು ಪರದೆಯ ಮೇಲಿನ ಮೊದಲ ಹೆಸರಿನ ಮೇಲೆ ಬೆರಳಿಟ್ಟರು. ಇನ್ನೂರ ಮೂರು ದಿನ, ಎಲ್ಲರಿಗಿಂತ ಹೆಚ್ಚು.

“ಇವನು ಡ್ರಗ್ಸ್ ತಗೊಂಡೇ ಸತ್ತು ಆರು ತಿಂಗಳಾಯ್ತು,” ಅಂದರು.

ಡ್ರಗ್ಸ್ ಟೆಸ್ಟ್ ಫೇಲಾದರೆ ಮಾತ್ರ ಎಣಿಕೆ ಸೊನ್ನೆಗೆ ಬರುವ ಹಾಗೆ ಬರೆದಿದ್ದೆ. ಸತ್ತವನು ಟೆಸ್ಟಿಗೆ ಬರಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ.

“ಸಾರಿ, ಈಗಲೇ ತೆಗೀತೀನಿ” ಅಂದೆ.

“ಒಂದು ನಿಮಿಷ ಇರಲಿ ಬಿಡು. ಬದುಕಿದ್ದಾಗ ಒಂದು ತಿಂಗಳೂ ದಾಟಲಿಲ್ಲ, ಪಾಪ.”

ಅಷ್ಟು ಹೇಳಿ ಅರೋಹಾ ಪರದೆಯ ಕಡೆ ನೋಡುತ್ತಾ ಮೆಲ್ಲಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕೋ ಬೇಡವೋ ಗೊತ್ತಾಗದೆ ಮೌಸ್ ಹಿಡಿದು ಕೂತಿದ್ದೆ.

ಆಮೇಲೆ ಹೆಸರು ತೆಗೆದೆ. ಮರುದಿನ ಬೆಳಿಗ್ಗೆ ನಮ್ಮ ಮ್ಯಾನೇಜರ್ ಮೇಲ್ ಬಂತು: “ದಿನಗಳ ಸರಾಸರಿ ಒಮ್ಮೆಲೇ ಇಳಿದಿದೆಯಲ್ಲ, ನಿನ್ನೆ ಅಲ್ಲಿ ಏನು ಕೆಡಿಸಿದೆ?”