ಮುಕಾದಮರ ಗುಂಪು ಚರ್ಚೆ

ಗುಂಪು ಚರ್ಚೆ ನಡೆಸಿದರೆ ಮಕ್ಕಳಲ್ಲಿ ತಾವೆಲ್ಲ ಒಂದೆಂಬ ಭಾವ ಬೆಳೆಯುತ್ತದೆ ಎಂದು ಶಿಕ್ಷಕರ ತರಬೇತಿಯಲ್ಲಿ ಹೇಳಿ, ಚಹಾ ಕೊಟ್ಟು ಕಳಿಸಿದ್ದರು. ಕಾಗವಾಡದ ಕಡೆಯ ನಮ್ಮ ಶಾಲೆಗೆ ಮರಳಿದವನೇ ಒಂಬತ್ತನೆಯ ತರಗತಿಯನ್ನು ಗುಂಪುಗಳಾಗಿ ಒಡೆದು, ನಾಯಕರನ್ನು ಆರಿಸಿಕೊಳ್ಳಿರೆಂದು ಅಪ್ಪಣೆ ಕೊಡಿಸಿದೆ. ಕಬ್ಬಿನ ಸೀಮೆಯ ಮಕ್ಕಳಿಗೆ ಗುಂಪೆಂದರೆ ಕಬ್ಬು ಕಡಿಯುವ ಗ್ಯಾಂಗು, ನಾಯಕನೆಂದರೆ ಅದರ ಮುಕಾದಮ. ಮಾತಾಡುವುದು ಮುಕಾದಮನ ಕೆಲಸ, ದುಡಿಯುವುದು ಉಳಿದವರದು. ತರಗತಿಯಲ್ಲಿ ದುಡಿತವೇನೂ ಇರಲಿಲ್ಲವಾಗಿ ಉಳಿದವರು ಸುಖವಾಗಿ ಕೂತರು.

ಅಂಥ ಒಂದು ಗ್ಯಾಂಗಿಗೆ ಹೊಸ ಹುಡುಗಿಯೊಬ್ಬಳು ಸೇರಿದ್ದಳು. ಮಿರಜಿನ ಅಜ್ಜಿಯ ಮನೆಯಲ್ಲಿದ್ದು ಮರಾಠಿ ಶಾಲೆ ಕಲಿತು, ಆ ವರ್ಷವಷ್ಟೇ ಅವ್ವನ ಹತ್ತಿರ ಬಂದವಳು. ಅವಳ ಕನ್ನಡ ಮನೆಯಿಂದ ಹೊರಟು ಶಾಲೆಯ ಬಾಗಿಲಲ್ಲಿ ನಿಂತುಬಿಡುತ್ತಿತ್ತು. ದಸರಾ ಸೂಟಿಯವರೆಗೆ ನೋಡುತ್ತೇನೆ, ಬಾಯಿ ಬಿಡದಿದ್ದರೆ ಮತ್ತೆ ಮಿರಜಿಗೇ ಎಂದು ಅವಳ ಅಪ್ಪ ನನ್ನೆದುರೇ ಹೇಳಿದ್ದ. ಆಗ ಅವಳು ಅವ್ವನ ಸೆರಗು ಹಿಡಿದ ರೀತಿ ನೋಡಿದರೆ, ಹೋಗುವ ಮನಸ್ಸಿಲ್ಲವೆಂಬುದು ಯಾರಿಗೂ ತಿಳಿಯುವಂತಿತ್ತು.

ಚರ್ಚೆಯ ವಿಷಯ, ಆಟದ ಮೈದಾನ ಯಾರಿಗೆ ಎಂಬುದು. ಅವಳ ಮುಕಾದಮ ಕುಡಚಿ ಸ್ಟೇಶನ್ನಿನಲ್ಲಿ ನಿಲ್ಲದ ರೈಲಿನಂತೆ ಮಾತಾಡುವ ಹುಡುಗ. ಗ್ಯಾಂಗಿನೊಳಗೆ ಎರಡು ನಿಮಿಷ ಪಿಸುಮಾತು ನಡೆದ ಮೇಲೆ ಎದ್ದು ನಿಂತ.

"ಹುಡುಗ್ರು ಕ್ರಿಕೆಟ್ ಆಡೂದ್ರಿ, ಹುಡುಗ್ಯಾರು ಚಪ್ಪಾಳಿ ಹೊಡಿಯೂದ್ರಿ. ಎಲ್ಲಾರೂ ಒಪ್ಯಾರ. ಈಕಿನೂ ಹಂಗ ಅಂದಾಳ್ರಿ."

ಹೊಸ ಹುಡುಗಿ ಎದ್ದಳು.

"ನಾ ಹಂಗ ಅಂದಿಲ್ರಿ. ನಮಗೂ ಬ್ಯಾಟ್ ಪಾಹಿಜೆ ಅಂದೇನಿ. ಇಂವಾ ಖೋಟಾ ಹೇಳಾಕತ್ತಾನ."

ಪಾಹಿಜೆ ಎಂದರೆ ಬೇಕು ಎಂಬಷ್ಟು ಮರಾಠಿ ನಮ್ಮ ಮಕ್ಕಳಿಗೆಲ್ಲ ಗೊತ್ತು. ಗ್ಯಾಂಗಿನವರು ಮುಕಾದಮನನ್ನು ಸುಳ್ಳನೆನ್ನುವುದು ನಮ್ಮ ಕಡೆ ರೂಢಿಯಲ್ಲ. ಆಮೇಲೆ ಉಳಿದ ಹುಡುಗಿಯರು ತಾವೂ ಹಾಗೇ ಅಂದಿದ್ದೆವೆಂದು ಎದ್ದರು, ಹುಡುಗರು ಅವರ ಮೇಲೆ ಎದ್ದರು. ಗದ್ದಲಕ್ಕೆ ಹೆಡ್ ಮಾಸ್ತರರು ಓಡಿಬಂದರು. ಗುಂಪು ಚರ್ಚೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ ಹೋದರು. ಕೊನೆಗೆ ವಾರದಲ್ಲಿ ಎರಡು ದಿನ ಮೈದಾನ ಹುಡುಗಿಯರ ಪಾಲಾಯಿತು. ಪದಚ್ಯುತ ಮುಕಾದಮನಿಗೆ ಅಂಪೈರ್ ಹುದ್ದೆ ಕೊಟ್ಟು ಗೌರವಿಸಲಾಯಿತು.

ಸೂಟಿಗೆ ಶಾಲೆ ಮುಚ್ಚುವ ಮುನ್ನಾದಿನ ಅವಳ ಅಪ್ಪ ಬಂದ. ನಾನು ಮೈದಾನದ ಕಡೆ ಕೈ ತೋರಿಸಿದೆ. ಅಂಪೈರ್ ಬೆರಳೆತ್ತಿ ನಿಂತಿದ್ದ. ಇವಳು ಬ್ಯಾಟು ಬಿಡದೆ, ಎರಡೂ ಭಾಷೆಗಳಲ್ಲಿ ಅವನಿಗೆ ಕಣ್ಣಿಲ್ಲವೆಂದು ಸಾಬೀತು ಮಾಡುತ್ತಿದ್ದಳು. ಅಪ್ಪ ಕಂಪೌಂಡಿಗೆ ಒರಗಿ ಬಹಳ ಹೊತ್ತು ಕೇಳಿದ. ಮಿರಜಿನ ಮಾತೆತ್ತಲಿಲ್ಲ.

"ಅಕಿ ಔಟ್ ಇಲ್ರಿ, ಸರ," ಎಂದ.

ಔಟಾಗಿದ್ದಳು. ನಾನು ಚರ್ಚೆಗಿಳಿಯಲಿಲ್ಲ.